ಕೊಂಡಿ ಹಾಕಿದ ಕವಚ

ಹುಬ್ಬಳ್ಳಿ-ಧಾರವಾಡದ ನಡುವೆ ಓಡಾಡುವ ಬಸ್ಸುಗಳಿಗೆ ಡೀಸೆಲ್ಲೂ ಬೇಡ, ತಲೆಯ ಮೇಲೆ ತಂತಿಯೂ ಬೇಡ ಎಂದಾಗಿ ಮೂರು ವರ್ಷ ಕಳೆದಿತ್ತು. ರಸ್ತೆಯುದ್ದಕ್ಕೂ ನೂರು ಮೀಟರಿಗೊಂದರಂತೆ ನೆಟ್ಟ ಬಿಳಿ ಕಂಬಗಳು ವಿದ್ಯುತ್ತನ್ನು ರೇಡಿಯೋ ತರಂಗವಾಗಿಸಿ ಬಸ್ಸಿನ ಮೇಲ್ಛಾವಣಿಗೆ ಗುರಿಯಿಟ್ಟು ಬಿಡುತ್ತಿದ್ದವು. ಛಾವಣಿಯ ಫಲಕ ಅದನ್ನು ಹೀರಿಕೊಂಡು ಚಕ್ರ ತಿರುಗಿಸುತ್ತಿತ್ತು. ಆಚೀಚೆ ಚೆಲ್ಲುತ್ತಿದ್ದುದು ಅಲ್ಪವೇ. ಮನುಷ್ಯರ ಮೈಗೆ ಅದರಿಂದ ಏನೂ ಆಗುತ್ತಿರಲಿಲ್ಲ. ಹೊಗೆ ಹೋಯಿತು, ಸದ್ದು ಹೋಯಿತು, ಜನ ಕಂಬಗಳನ್ನು ಮರೆತೂ ಬಿಟ್ಟರು.

ಮರೆಯಲಾರದವರು ಅವಳಿ ನಗರದಲ್ಲಿ ಹನ್ನೆರಡು ಮಂದಿ ಇದ್ದರು. ಅವರೆಲ್ಲ ಕೈನಡುಕದ ಕಾಯಿಲೆಯವರು. ಎದೆಯ ಚರ್ಮದಡಿ ಬೆಂಕಿಪೊಟ್ಟಣದಷ್ಟು ಯಂತ್ರವೊಂದನ್ನು ಕೂರಿಸಿ, ಅಲ್ಲಿಂದ ಕತ್ತಿನೊಳಗೆ, ಕಿವಿಯ ಹಿಂದಿನಿಂದ ಮಿದುಳಿಗೆ ಕೂದಲೆಳೆಯಂಥ ತಂತಿ ಒಯ್ದಿದ್ದರು. ಯಂತ್ರ ಮಿಡಿಯುತ್ತಿರುವ ತನಕ ಕೈ ಸ್ಥಿರ. ಆದರೆ ಕಂಬದ ಹತ್ತಿರ ಬಂದಾಗ ಆ ತಂತಿಯೇ ಆಂಟೆನಾ ಆಗಿ ಚೆಲ್ಲಿದ ತರಂಗವನ್ನು ಹಿಡಿದುಕೊಳ್ಳುತ್ತಿತ್ತು. ಯಂತ್ರ ಗೊಂದಲಕ್ಕೆ ಬಿದ್ದು ತೆಪ್ಪಗಾಗುತ್ತಿತ್ತು; ಕೈ ಮತ್ತೆ ಗಡಗಡ. ಧಾರವಾಡದ ಮಾರ್ಕೆಟ್ಟಿನ ಬಸ್ ನಿಲ್ದಾಣದ ಎದುರು ನಲವತ್ತು ವರ್ಷ ಬಳೆ ಮಾರಿದ ಮಕ್ತುಂಸಾಬ ಮನಿಯಾರರು ಕಂಬ ಬಂದ ವಾರವೇ ಅಂಗಡಿ ಮುಚ್ಚಿದ್ದರು. ನಡುಗುವ ಕೈಯಲ್ಲಿ ಹೆಣ್ಣುಮಕ್ಕಳಿಗೆ ಗಾಜಿನ ಬಳೆ ಏರಿಸುವುದು ಹೇಗೆ?

ಇಂಥವರಿಗಾಗಿ ಕವಚ ಮಾಡುವ ಕೆಲಸ ಡಾಕ್ಟರ್ ವಿರೂಪಾಕ್ಷ ಕಂದಗಲ್ಲನ ಪಾಲಿಗೆ ಬಂದಿತ್ತು. ವಿದ್ಯುತ್ತು ಹರಿಯುವ ಬಟ್ಟೆಯ ಮೇಲೆ ಹನ್ನೊಂದು ವರ್ಷ ಕೆಲಸ ಮಾಡಿದವನು ಅವನು. ಬಟ್ಟೆಯಲ್ಲಿ ಲೋಹವಿದ್ದರೆ, ತರಂಗ ಬಂದು ಬಡಿದಾಗ ಆ ಲೋಹದ ಎಲೆಕ್ಟ್ರಾನುಗಳು ಅತ್ತಿತ್ತ ಓಡಿ ಅದನ್ನು ಹಿಂದಕ್ಕೆ ತಳ್ಳುತ್ತವೆ. ಅವು ಓಡುವ ದಾರಿ ಎಲ್ಲೂ ಕಡಿಯಬಾರದು, ಅಷ್ಟೆ. ಅವನು ಪಾಲಿಯೆಸ್ಟರ್ ಬಟ್ಟೆಗೆ ತಾಮ್ರ ಮತ್ತು ನಿಕಲ್ಲಿನ ತೆಳು ಲೇಪ ಕೊಟ್ಟು ಎದೆಗೊಂದು ಅಂಗಿ, ಕತ್ತು ತಲೆ ಮುಚ್ಚಲು ಒಂದು ಕುಲಾವಿ ಹೊಲಿಸಿದ್ದ. ತೊಂದರೆ ಇದ್ದದ್ದು ಇವೆರಡೂ ಕೂಡುವ ಕತ್ತಿನ ಹೊಲಿಗೆಯಲ್ಲಿ. ಸೀಳಿನ ಅಗಲ ತರಂಗಕ್ಕೆ ಲೆಕ್ಕಕ್ಕಿಲ್ಲ, ಉದ್ದವೇ ಲೆಕ್ಕ. ಕೂದಲು ತೂರದಷ್ಟು ಸಣ್ಣ ಬಿರುಕಾದರೂ ಎರಡು ಬೆರಳಿನುದ್ದ ಇದ್ದರೆ ಸಾಕು, ತೆರೆದ ಕಿಟಕಿಯಲ್ಲಿ ಬಂದಂತೆ ಒಳಗೆ ಬರುತ್ತದೆ. ಹೊಲಿಗೆಯ ಮೇಲೆ ಅವನು ಬೆಳ್ಳಿಯ ಅಂಟು ಹಚ್ಚಿದ್ದ. ಹೊಸದರಲ್ಲಿ ಅದು ಚೆನ್ನಾಗಿಯೇ ಹಿಡಿಯುತ್ತಿತ್ತು.

ಒಗೆದ ಮೇಲೆ ಏನಾಗುತ್ತದೆ ಎಂದು ನೋಡಬೇಕಿತ್ತಲ್ಲ, ಅದಕ್ಕಾಗಿ ಒಂದು ಕವಚವನ್ನು ನವನಗರದ ಮನೆಗೆ ತಂದು ಹೆಂಡತಿಯ ಕೈಗೆ ಕೊಟ್ಟು, ಮನೆಬಟ್ಟೆಯ ಜೊತೆಗೇ ಹಾಕಿ ನಲವತ್ತು ಸಲ ಒಗೆ ಎಂದ. ಬನಶಂಕರಿ ಇಳಕಲ್ಲಿನ ನೇಕಾರರ ಮಗಳು. ಮದುವೆಯಾಗಿ ಇಪ್ಪತ್ತೊಂದು ವರ್ಷ, ಒಂದು ದಿನವೂ ಮಗ್ಗ ಮುಟ್ಟಿರಲಿಲ್ಲ. ಹತ್ತನೆಯ ಸಲ ಕವಚವನ್ನು ತಂತಿಗೆ ಹರವುವಾಗ ಅವಳು ಕತ್ತಿನ ಹೊಲಿಗೆಯ ಮೇಲೆ ಹೆಬ್ಬೆರಳು ಆಡಿಸಿ ನಿಂತಳು.

"ಇದು ಇಲ್ಲಿ ಬಾಯಿ ಬಿಡ್ತದ ನೋಡ್ರಿ," ಎಂದಳು.

ಹೊಲಿಗೆ ಯಾಕೆ ಅಷ್ಟು ಮುಖ್ಯ ಎಂದು ಅವನು ವಿವರಿಸಿದ. ಪಾಠ ಹೇಳುವ ಧಾಟಿಯಲ್ಲೇ ವಿವರಿಸಿದ. ಅವಳು ಕೇಳಿಸಿಕೊಂಡು, ಹಾಗಾದರೆ ಹೊಲಿಯುವುದು ಯಾತಕ್ಕೆ ಎಂದು ಕೇಳಿದಳು.

"ನಮ್ಮಲ್ಲಿ ಸೀರಿಗೆ ಸೆರಗು ಹೊಲಿಯೂದಿಲ್ಲ. ಸೀರಿ ಮೈಗೆ ಉದ್ದಕ್ಕ ಹಾಸಿದ ಎಳಿ ಬ್ಯಾರೆ, ಸೆರಗಿನ ಹಾಸಿನ ಎಳಿ ಬ್ಯಾರೆ. ಒಂದೊಂದ ಎಳೀಗೂ ಕೊಂಡಿ ಹಾಕಿ ಕೂಡಸ್ತೀವಿ. ಇದಕ್ಕೂ ಹಂಗ ಮಾಡಿದ್ರ ನಡುವ ಸೀಳ ಇರೂದಿಲ್ಲಲ್ಲ."

ಅವನು ನಕ್ಕ. ಅವಳು ನಗಲಿಲ್ಲ. ಉಕ್ಕು ಮತ್ತು ಬೆಳ್ಳಿ ಹೊಸೆದ ದಾರ ಪ್ರಯೋಗಾಲಯದಲ್ಲಿ ಬಿದ್ದಿದೆ ಎಂದು ಅವನೇ ಎಂದೋ ಹೇಳಿದ್ದನ್ನು ನೆನಪಿಟ್ಟು, ಎರಡು ಉಂಡೆ ತಂದುಕೊಡಿ ಎಂದಳು. ಹಟ ಮಾಡುವವರ ಕೈಗೆ ಆಟಿಕೆ ಕೊಟ್ಟ ಹಾಗೆ ಅವನು ತಂದುಕೊಟ್ಟ. ಅವಳು ಬಡಗಿಯಿಂದ ನೇಯಲು ಒಂದು ಸಣ್ಣ ಚೌಕಟ್ಟು ಮಾಡಿಸಿ ಹಿತ್ತಲ ಪಡಸಾಲೆಯಲ್ಲಿ ಇಟ್ಟುಕೊಂಡಳು. ಒಂಬತ್ತನೆಯ ವಯಸ್ಸಿನಿಂದ ಅವ್ವನ ಪಕ್ಕ ಕೂತು ಕೊಂಡಿ ಹಾಕಿದ ಬೆರಳುಗಳು, ಮೊದಲ ವಾರ ಉಕ್ಕಿನ ದಾರಕ್ಕೆ ಸಿಕ್ಕು ರಕ್ತ ಬಂದರೂ, ಎರಡನೆಯ ವಾರಕ್ಕೆ ತಮ್ಮ ಲಯ ಕಂಡುಕೊಂಡವು. ಆರು ವಾರದಲ್ಲಿ ಅಂಗಿ ಮತ್ತು ಕುಲಾವಿ ಒಂದೇ ಬಟ್ಟೆಯಾಗಿ ಅವಳ ತೊಡೆಯ ಮೇಲಿದ್ದವು. ಅದನ್ನೂ ಅವಳು ನಲವತ್ತು ಸಲ ಒಗೆದಳು. ಆಮೇಲೆ ಅವನ ಕವಚ, ತನ್ನ ಕವಚ ಎರಡನ್ನೂ ಮಡಿಸಿ ಗಂಡನ ಚೀಲದಲ್ಲಿಟ್ಟು, ಒಮ್ಮೆ ನೋಡಿ ಎಂದಳು.

ಪ್ರಯೋಗಾಲಯದ ಅಳತೆಯ ಕೋಣೆಗೆ ಕಿಟಕಿಗಳಿಲ್ಲ. ಗೋಡೆ, ಛಾವಣಿಗಳ ತುಂಬ ನೀಲಿ ಫೋಮಿನ ಮೊನೆಗಳು. ತರಂಗ ಅವಕ್ಕೆ ಬಡಿದರೆ ವಾಪಸು ಬರುವುದಿಲ್ಲ. ನಡುವೆ ತಿರುಗುವ ಮೇಜು, ಅದರ ಮೇಲೆ ಮನುಷ್ಯನ ಎದೆ-ತಲೆಯ ಗೊಂಬೆ, ಗೊಂಬೆಯೊಳಗೆ ತಂತಿ. ಕವಚ ತೊಡಿಸಿ, ಬಾಗಿಲು ಹಾಕಿ, ಹೊರಗಿನ ಪರದೆಯಲ್ಲಿ ಅಂಕಿ ನೋಡಬೇಕು. ಅಂಕಿ ಡೆಸಿಬಲ್ಲಿನಲ್ಲಿ ಬರುತ್ತದೆ. ಹತ್ತು ಏರಿತೆಂದರೆ ಒಳಗೆ ನುಗ್ಗಿದ ಶಕ್ತಿ ಹತ್ತರಲ್ಲೊಂದು ಪಾಲಿಗೆ ಇಳಿಯಿತೆಂದು ಅರ್ಥ. ಯಂತ್ರ ಕೆಡದಿರಬೇಕಾದರೆ ನಲವತ್ತೈದಾದರೂ ಬೇಕು.

ವಿರೂಪಾಕ್ಷನ ಕವಚ ಹೊಸದಿದ್ದಾಗ ನಲವತ್ತೇಳು ಕೊಟ್ಟಿತ್ತು. ನಲವತ್ತು ಒಗೆತದ ಮೇಲೆ ಮೂವತ್ತೊಂದು ಬಂತು. ಕತ್ತು ಬಾಗಿಸಿದಾಗ ಇಪ್ಪತ್ತಾರು.

ಬನಶಂಕರಿಯದು ಐವತ್ತೇಳು.

ಅವನು ಕೇಬಲ್ ಬದಲಿಸಿದ. ಮತ್ತೆ ಐವತ್ತೇಳು. ಆಂಟೆನಾ ಬದಲಿಸಿದ, ಗೊಂಬೆಯ ಕತ್ತು ಬಾಗಿಸಿದ, ಮೇಜು ತಿರುಗಿಸಿದ. ಐವತ್ತಾರೂವರೆ. ಎಲ್ಲೋ ತಪ್ಪಿರಬೇಕು ಎಂದು ಅವನು ಹುಡುಕುತ್ತಿರಲಿಲ್ಲ, ತಪ್ಪಿರಲಿ ಎಂದು ಹುಡುಕುತ್ತಿದ್ದ. ಅದು ತನಗೇ ತಿಳಿದಾಗ ಕುರ್ಚಿಯಲ್ಲಿ ಕೂತುಬಿಟ್ಟ. ಬೇರೆ ಊರಿನ ವಿಜ್ಞಾನಿ ಯಾರಾದರೂ ಇದನ್ನು ಮಾಡಿದ್ದರೆ ಮನಸಾರೆ ಫೋನು ಮಾಡಿ ಅಭಿನಂದಿಸುತ್ತಿದ್ದ. ಪಕ್ಕದ ಕೋಣೆಯವನು ಮಾಡಿದ್ದರೆ ಒಂದು ವಾರ ಮುಖ ಗಂಟಿಕ್ಕಿ ಸುಮ್ಮನಾಗುತ್ತಿದ್ದ. ಆದರೆ ಬೆಳಗ್ಗೆ ತನಗೆ ಅವಲಕ್ಕಿ ಒಗ್ಗರಿಸಿ ಕೊಟ್ಟವಳು, ಪಿಯುಸಿಗೆ ಓದು ಬಿಟ್ಟವಳು, ತರಂಗವೆಂದರೇನು ಎಂದು ತನ್ನಿಂದಲೇ ಕೇಳಿ ತಿಳಿದವಳು, ಆರೇ ವಾರದಲ್ಲಿ ತನ್ನ ಹನ್ನೊಂದು ವರ್ಷವನ್ನು ದಾಟಿ ಹೋಗಿದ್ದಳು. ಎದೆಯೊಳಗೆ ಒಂದು ಕೆಂಡ ಇಟ್ಟಂತಾಯಿತು. ಅಂಕಿಗಳನ್ನು ಉಳಿಸದೆ ಪರದೆ ಆರಿಸಿದ.

ಮನೆಗೆ ಬಂದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ, ಏನಾಯಿತು ಎಂದು ಕೇಳಿದಳು. ಸಾಲಲಿಲ್ಲ, ಮೂವತ್ತೆಂಟು ಬಂತು ಎಂದ. ಅವಳು ರೊಟ್ಟಿಯನ್ನು ಹಂಚಿಗೆ ಹಾಕಿ, ನೀರು ಸವರಿ ಕೇಳಿದಳು:

"ಎಲ್ಲಿ ಸೋರ್ತು?"

ಈ ಪ್ರಶ್ನೆಗೆ ಅವನು ತಯಾರಾಗಿ ಬಂದಿರಲಿಲ್ಲ. ಸೋತವರು ಕೇಳುವ ಪ್ರಶ್ನೆಯಲ್ಲ ಅದು, ಕೆಲಸ ಬಲ್ಲವರು ಕೇಳುವುದು. ಅದೇ ಅವನನ್ನು ಇನ್ನಷ್ಟು ಸುಟ್ಟಿತು.

"ಕೊಂಡೀ ಹತ್ರ," ಎಂದ.

ಅವಳ ಮುಖ ಸಣ್ಣದಾಯಿತು. ಊಟವಾದ ಮೇಲೆ ಹಿತ್ತಲಿಗೆ ಹೋಗಿ, ಬಟ್ಟೆಯನ್ನು ಬೆಳಕಿಗೆ ಹಿಡಿದು, ಒಂದೊಂದೇ ಕೊಂಡಿಯನ್ನು ಉಗುರಿನಿಂದ ತಡವಿ ನೋಡಿದಳು. ಮರುದಿನ ಅದನ್ನು ಬಿಚ್ಚಲು ಕೂತಳು.

ತಪ್ಪೇ ಇಲ್ಲದ ಬಟ್ಟೆಯಲ್ಲಿ ತಪ್ಪು ಹುಡುಕುವ ಕೆಲಸ ಹೀಗೆ ಶುರುವಾಯಿತು. ಎಳೆಗಳನ್ನು ಇನ್ನಷ್ಟು ಒತ್ತಾಗಿ ಹಾಸಿ, ಒಂದರ ಬದಲು ಜೋಡಿ ಕೊಂಡಿ ಹಾಕಿ, ಅವಳು ಎರಡನೆಯದನ್ನು ಮಾಡಿದಳು. ಅವನು ಅಳೆದ: ಐವತ್ತೊಂಬತ್ತು. ಮನೆಗೆ ಬಂದು ಮೂವತ್ತೊಂಬತ್ತು ಎಂದ. ಅದನ್ನೂ ಬಿಚ್ಚಿದಳು. ಮೂರನೆಯದಕ್ಕೆ ಇಳಕಲ್ಲಿನ ಅವ್ವನಿಗೆ ಫೋನು ಹಚ್ಚಿ, ಕೊಂಡಿಯನ್ನು ಎಡಕ್ಕೆ ತಿರುವಬೇಕೋ ಬಲಕ್ಕೋ ಎಂದು ಬಹಳ ಹೊತ್ತು ಮಾತಾಡಿದಳು. ತನಗೆ ತಿಳಿಯದ ಮಾತಿನಲ್ಲಿ, ತಾನು ಎಂದೂ ಕಾಣದ ಹುರುಪಿನಲ್ಲಿ ಅವಳು ಹಾಗೆ ಮಾತಾಡುವುದನ್ನು ಬಾಗಿಲ ಮರೆಯಲ್ಲಿ ನಿಂತು ಕೇಳುತ್ತ ಅವನಿಗೆ ಆ ಮುದುಕಿಯ ಮೇಲೂ ಹೊಟ್ಟೆಕಿಚ್ಚಾಯಿತು. ಮೂರನೆಯದು ಅರವತ್ತೊಂದು ಬಂತು. ಅಂಥ ಅಂಕಿಯನ್ನು ಬಟ್ಟೆಯಲ್ಲಿ ಅವನು ಜನ್ಮದಲ್ಲಿ ಕಂಡಿರಲಿಲ್ಲ. ಈ ಸಲವೂ ಸಾಲಲಿಲ್ಲ ಎಂದಾಗ ಅವಳು, ನಾನು ಮರೆತಿರಬೇಕು ಬಿಡಿ, ಇಪ್ಪತ್ತು ವರ್ಷವಾಯಿತಲ್ಲ ಎಂದು ತನ್ನನ್ನೇ ಸಮಾಧಾನ ಮಾಡಿಕೊಂಡಳು. ಅದನ್ನೂ ಬಿಚ್ಚಿ ದಾರ ಸುತ್ತಿಟ್ಟಳು. ಚೌಕಟ್ಟಿನ ಮೇಲೆ ಒಣಬಟ್ಟೆ ಹರವತೊಡಗಿದಳು.

ಅತ್ತ ಪ್ರಯೋಗಾಲಯದ ಮುಖ್ಯಸ್ಥೆ ಡಾಕ್ಟರ್ ಪದ್ಮಜಾ ಇನಾಮದಾರರು ಅವಸರ ಮಾಡುತ್ತಿದ್ದರು. ಹನ್ನೆರಡು ಮಂದಿ ಮೂರು ವರ್ಷದಿಂದ ಗಲ್ಲಿಗಳಲ್ಲಿ ಅವಿತುಕೊಂಡು ಬದುಕುತ್ತಿದ್ದಾರೆ, ಇನ್ನೆಷ್ಟು ದಿನ ಎಂಬುದು ಅವರ ಮಾತು. ವರದಿಯ ನಮೂನೆಯಲ್ಲಿ ವಿರೂಪಾಕ್ಷ ತನ್ನ ಕವಚ ಹೊಸದಿದ್ದಾಗಿನ ನಲವತ್ತೇಳನ್ನು ಬರೆದ. 'ಒಗೆತದ ನಂತರ' ಎಂಬ ಕಲಮಿನಲ್ಲಿ 'ಪರೀಕ್ಷೆ ಮುಂದುವರಿದಿದೆ' ಎಂದು ಬರೆದು ಸಹಿ ಮಾಡಿದ. ಎರಡು ತಿಂಗಳಲ್ಲಿ ಅಂಟನ್ನು ಸುಧಾರಿಸುತ್ತೇನೆ, ಆಮೇಲೆ ಎಲ್ಲ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡ.

ಕವಚ ತೊಟ್ಟ ದಿನ ಮಕ್ತುಂಸಾಬರು ಬಸ್ ನಿಲ್ದಾಣದ ಕಂಬದ ಬುಡದಲ್ಲೇ ನಿಂತು, ಎರಡೂ ಕೈ ಮುಂದೆ ಚಾಚಿ ನೋಡಿಕೊಂಡರು. ಬೆರಳು ಅಲುಗಲಿಲ್ಲ. ವಿರೂಪಾಕ್ಷನ ಕೈಯನ್ನು ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ಮರುವಾರ ಅವರ ಅಂಗಡಿ ತೆರೆಯಿತು. ಪತ್ರಿಕೆಯವರು ಬಂದು ವಿರೂಪಾಕ್ಷನ ಫೋಟೋ ತೆಗೆದರು. ಬನಶಂಕರಿ ಆ ಪುಟವನ್ನು ಓದಿ, ಚಲೋ ಆಯಿತು ಎಂದಳು. ಆ ಮಾತಿನಲ್ಲಿ ಮತ್ಸರದ ಒಂದು ಎಳೆಯಾದರೂ ಸಿಕ್ಕೀತೇ ಎಂದು ಅವನು ಅವಳ ಮುಖ ನೋಡಿದ. ಸಿಗಲಿಲ್ಲ. ಸಿಕ್ಕಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಏಳನೆಯ ವಾರದ ಒಂದು ಮಧ್ಯಾಹ್ನ ಮಕ್ತುಂಸಾಬರು ಬಳೆಯ ಪೆಟ್ಟಿಗೆ ಹೊತ್ತು ರಸ್ತೆ ದಾಟುತ್ತಿದ್ದರು. ಜಾರಿದ ಹೆಗಲಪಟ್ಟಿಯನ್ನು ಎತ್ತಿಕೊಳ್ಳಲು ಕತ್ತು ಬಗ್ಗಿಸಿದರು. ಅಂಟು ಒಡೆದಿದ್ದ ಹೊಲಿಗೆ ಬಾಯಿ ತೆರೆಯಿತು. ಮೊದಲು ಕೈ, ಆಮೇಲೆ ಕಾಲು ಹಿಡಿತ ತಪ್ಪಿ, ಪೆಟ್ಟಿಗೆಯ ಸಮೇತ ರಸ್ತೆಯ ನಡುವೆ ಬಿದ್ದರು. ಬಸ್ಸಿನವನು ಬ್ರೇಕು ಒತ್ತಿದ್ದರಿಂದ ಜೀವ ಉಳಿಯಿತು. ಬಲಗೈ ಮಣಿಕಟ್ಟು ಎರಡು ಕಡೆ ಮುರಿದಿತ್ತು.

ವಿರೂಪಾಕ್ಷ ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಒಂದು ಮಾತು ಸಿದ್ಧ ಮಾಡಿಕೊಂಡಿದ್ದ: ಬಿಸಿನೀರಿನಲ್ಲಿ ಒಗೆದಿರಬೇಕು, ಸೂಚನೆ ಪಾಲಿಸಿರಲಿಕ್ಕಿಲ್ಲ. ಹಾಸಿಗೆಯ ಮೇಲಿದ್ದ ಮಕ್ತುಂಸಾಬರು ಅವನನ್ನು ಕಂಡೊಡನೆ ಏಳಲು ಹೋದರು. ಬೆವರಿಗೆ ಅದು ಕೆಡಬಾರದೆಂದು ಒಳಗೆ ಬನಿಯನ್ನು ತೊಡುತ್ತಿದ್ದೆ, ತಣ್ಣೀರಲ್ಲೇ ಒಗೆಸುತ್ತಿದ್ದೆ ಎಂದೆಲ್ಲ ತಾವಾಗಿಯೇ ಹೇಳಿ, ಕೊನೆಗೆ ತಗ್ಗಿದ ದನಿಯಲ್ಲಿ ಕೇಳಿದರು:

"ನಾ ಕುತಗಿ ಬಗ್ಗಿಸಿದ್ದು ತಪ್ಪಾತೇನ್ರಿ, ಸಾಹೇಬ್ರ?"

ಸಿದ್ಧ ಮಾಡಿಕೊಂಡ ಮಾತು ಬಾಯಿಗೆ ಬರಲಿಲ್ಲ. ನಿಮ್ಮದೇನೂ ತಪ್ಪಿಲ್ಲ, ತಪ್ಪು ನನ್ನದು ಎಂದ. ಅವರು ಅದನ್ನು ಸೌಜನ್ಯದ ಮಾತು ಎಂದುಕೊಂಡು ತಲೆ ಅಲ್ಲಾಡಿಸಿದರು. ವಿರೂಪಾಕ್ಷ ಹೊರಗೆ ಬಂದು, ಉಳಿದ ಹನ್ನೊಂದು ಮಂದಿಗೂ ಫೋನು ಮಾಡಿ, ಕವಚ ತೊಟ್ಟು ಮುಖ್ಯ ರಸ್ತೆಗೆ ಬರಬೇಡಿ ಎಂದು ತಿಳಿಸಿದ. ಆಮೇಲೆ ಇನಾಮದಾರರ ಬಳಿಗಲ್ಲ, ಮನೆಗೆ ಹೋದ.

ಬನಶಂಕರಿ ಹಿತ್ತಲಲ್ಲಿ ಮೆಣಸಿನಕಾಯಿ ಆರಿಸುತ್ತಿದ್ದಳು. ಅವನು ಎದುರಿಗೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದ. ಬಿದ್ದದ್ದು, ಮುರಿದದ್ದು, ಮೂವತ್ತೊಂದು, ಅಂಕಿ ಬರೆಯದೆ ಬಿಟ್ಟ ಕಲಮು. ಕಡೆಗೆ, ನಿನ್ನದು ಸೋರಿರಲೇ ಇಲ್ಲ ಎಂದ. ಅವಳ ಕೈ ನಿಂತಿತು.

"ಮೊದಲನೇದು ಎಷ್ಟು ಬಂದಿತ್ತು?"

"ಐವತ್ತೇಳು."

"ಎರಡನೇದು?"

"ಐವತ್ತೊಂಬತ್ತು. ಮೂರನೇದು ಅರವತ್ತೊಂದು." ಒಂದನ್ನೂ ಎಲ್ಲೂ ಬರೆದಿಟ್ಟಿರಲಿಲ್ಲ. ಮರೆಯಲಾಗದ್ದರಿಂದ ಬರೆದಿಡುವ ಅಗತ್ಯವೂ ಬಿದ್ದಿರಲಿಲ್ಲ.

ಅವಳು ಮೆಣಸಿನಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿದಳು. ಬಯ್ಯಬಹುದು, ಅಳಬಹುದು ಎಂದುಕೊಂಡಿದ್ದ. ಅವಳು ಎರಡನ್ನೂ ಮಾಡಲಿಲ್ಲ.

"ಮೂರೂ ನನ್ನ ಕೈಲೇ ಬಿಚ್ಚಿಸಿದ್ರಿ," ಎಂದಳು. ಆಮೇಲೆ, "ನಮ್ಮವ್ವಗ ಫೋನ್ ಮಾಡಿ ಅಂದಿದ್ದೆ, ನೀ ಕಲಿಸಿದ್ದರಾಗ ಏನೋ ಕಮ್ಮಿ ಅದ ಅಂತ."

ಎದ್ದು ಒಳಗೆ ಹೋದಳು. ಒಳಗಿನಿಂದ ಅವ್ವನ ಜೊತೆ ಮಾತಾಡುವ ದನಿ ಕೇಳಿಸಿತು. ಈ ಸಲ ಅವನು ಬಾಗಿಲ ಬಳಿ ಹೋಗಲಿಲ್ಲ.

ಮರುದಿನ ಇನಾಮದಾರರ ಕೋಣೆಯಲ್ಲಿ ಐದು ಮಂದಿಯ ಮುಂದೆ ಅವನು ಅದನ್ನೇ ಮತ್ತೊಮ್ಮೆ ಹೇಳಿದ. ಯಾಕೆ ಮುಚ್ಚಿಟ್ಟಿರಿ ಎಂದು ಅವರು ಕೇಳಿದಾಗ ತಾಂತ್ರಿಕ ಕಾರಣಗಳನ್ನು ಹುಡುಕಲು ಹೋಗದೆ, ಹೊಟ್ಟೆಕಿಚ್ಚು ಎಂದ. ಇಂಥ ಕಾರಣವನ್ನು ಟಿಪ್ಪಣಿಯಲ್ಲಿ ಹೇಗೆ ಬರೆಯಬೇಕು ಎಂಬುದು ಹೊಳೆಯದೆ ಬರೆದುಕೊಳ್ಳುತ್ತಿದ್ದವರು ಪೆನ್ನು ಹಿಡಿದು ಕೂತರು. ಕವಚಗಳನ್ನೆಲ್ಲ ವಾಪಸು ತರಿಸಿದರು. ಅವನನ್ನು ಯೋಜನೆಯ ಮುಖ್ಯಸ್ಥನ ಸ್ಥಾನದಿಂದ ಇಳಿಸಿ, ಎರಡು ವರ್ಷ ಯಾವ ವರದಿಗೂ ಸಹಿ ಮಾಡಬಾರದು ಎಂದು ಆಜ್ಞೆಯಾಯಿತು. ಮಕ್ತುಂಸಾಬರ ಚಿಕಿತ್ಸೆಯನ್ನು ಸಂಸ್ಥೆ ವಹಿಸಿಕೊಂಡಿತು. ಅವರ ಮಣಿಕಟ್ಟು ಕೂಡಿತು, ಆದರೆ ಮೊದಲಿನ ಹಾಗೆ ತಿರುಗಲಿಲ್ಲ. ಚಿಕ್ಕ ಅಳತೆಯ ಬಳೆಗಳನ್ನು ಏರಿಸಲು ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕಾಯಿತು.

ಇನಾಮದಾರರು ತಾವೇ ನವನಗರಕ್ಕೆ ಬಂದು ಬನಶಂಕರಿಯನ್ನು ಕರೆದರು. ಬರುತ್ತೇನೆ, ಆದರೆ ನನ್ನ ಬಟ್ಟೆಯನ್ನು ಬೇರೆ ಯಾರಾದರೂ ಅಳೆಯಲಿ ಎಂದು ಅವಳು ಹೇಳಿದಳು. ವಿರೂಪಾಕ್ಷ ಚಹಾದ ತಟ್ಟೆ ಹಿಡಿದು ಅಲ್ಲೇ ನಿಂತಿದ್ದ.

ಹೀಗೆ ಗಂಡ ಹೆಂಡತಿ ಒಂದೇ ಬಸ್ಸಿನಲ್ಲಿ ಕೆಲಸಕ್ಕೆ ಹೋಗತೊಡಗಿದರು. ಅವಳು ಮಗ್ಗದ ಕೋಣೆಗೆ. ಇಳಕಲ್ಲಿನಿಂದ ಬಂದ ಮೂವರು ಹೆಂಗಸರು ಅವಳ ಕೈಕೆಳಗೆ ಕೊಂಡಿ ಹಾಕುತ್ತಿದ್ದರು. ಅವನು ಉಗ್ರಾಣದ ಪಕ್ಕದ ಒಗೆತದ ಕೋಣೆಗೆ, ಯಂತ್ರದ ಸುತ್ತುಗಳನ್ನು ಎಣಿಸಲು. ಮನೆಯಲ್ಲಿ ಬೇಕಾದಷ್ಟೇ ಮಾತು. ಅವಳ ಕವಚಗಳು ಒಂದೊಂದಾಗಿ ಹೊರಗೆ ಹೋದವು. ಗಲ್ಲಿಗಳಲ್ಲಿದ್ದವರು ರಸ್ತೆಗೆ ಬಂದರು. ಬೇರೆ ಊರುಗಳಿಂದಲೂ ಬೇಡಿಕೆ ಬಂತು. ಕಾರಿಡಾರಿನಲ್ಲಿ ಜನ ಅವನನ್ನು, ಬನಶಂಕರಿಯವರು ಎಲ್ಲಿದ್ದಾರೆ ಎಂದು ಕೇಳುತ್ತಿದ್ದರು. ಅವನು ತೋರಿಸುತ್ತಿದ್ದ. ತೋರಿಸುವಾಗಲೆಲ್ಲ ಎದೆಯೊಳಗೆ ಅದು ಉರಿಯುತ್ತಿತ್ತು. ಪಶ್ಚಾತ್ತಾಪವಾದರೆ ಮತ್ಸರ ತಾನಾಗಿ ಆರುತ್ತದೆ ಎಂದುಕೊಂಡಿದ್ದ; ಎರಡೂ ಅಕ್ಕಪಕ್ಕದಲ್ಲೇ ಇದ್ದವು, ಒಂದಕ್ಕೊಂದು ಜಾಗ ಬಿಡದೆ.

ಆರು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಗ್ಗೆ, ಅವಳು ಮರುದಿನದ ಪರೀಕ್ಷೆಗೆ ಹೊಸ ಮಾದರಿಯೊಂದನ್ನು ಮಡಿಸುತ್ತಿದ್ದಾಗ ಅವನು ಅದನ್ನು ಹೇಳಿಬಿಟ್ಟ.

"ನನಗ ಇನ್ನೂ ಹೊಟ್ಟಿ ಉರೀತದ, ಬನು. ಆರಿಲ್ಲ."

ಅವಳು ಮಡಿಸುವುದನ್ನು ನಿಲ್ಲಿಸಲಿಲ್ಲ. ಈ ಮಾದರಿಯಲ್ಲಿ ಕೇಳಿಸಿಕೊಳ್ಳಲು ಅನುಕೂಲವಾಗಲೆಂದು ಕಿವಿಯ ಹತ್ತಿರ ಜಾಳಿಗೆ ಬಿಟ್ಟಿದ್ದಳು. ಅಲ್ಲಿ ಬೆರಳಾಡಿಸಿದಳು.

"ಅಲ್ಲಿ ನನ್ನ ಬಟ್ಟಿ ಅಳತಿ ಮಾಡೋ ಹುಡುಗಿಗೆ ನನ್ನ ಮ್ಯಾಲೆ ಭಾಳ ಗೌರವ. ಹದಿನೈದು ಡಿಗ್ರಿಗೊಮ್ಮೆ ಮೇಜು ತಿರುವಿ, ಚಲೋ ಬಂತ್ರಿ ಮೇಡಂ ಅಂತಾಳ," ಎಂದಳು. "ನಾಳೆ ನೀವ ಅಳೀರಿ. ಸಹಿ ಆಕಿ ಮಾಡ್ಲಿ. ಹೊಟ್ಟಿ ಉರಿಯೋರು ಒಂದು ತೂತೂ ಬಿಡೂದಿಲ್ಲ."

ಅದು ಕ್ಷಮೆಯೋ ಅಲ್ಲವೋ ಅವನಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಆಗಲಿಲ್ಲ.

ಸೋಮವಾರ ಅವನು ಮೇಜನ್ನು ಒಂದೊಂದೇ ಡಿಗ್ರಿ ತಿರುಗಿಸಿದ. ಅರವತ್ತು, ಅರವತ್ತು, ಐವತ್ತೊಂಬತ್ತು, ಅರವತ್ತು. ಮಧ್ಯಾಹ್ನದ ಊಟ ಬಿಟ್ಟ. ಇನ್ನೂರ ಹದಿನೇಳನೆಯ ಡಿಗ್ರಿಯಲ್ಲಿ, ಎಡಗಿವಿಯ ಹಿಂದೆ, ಅಂಕಿ ಒಮ್ಮೆಲೇ ನಲವತ್ಮೂರಕ್ಕೆ ಬಿತ್ತು. ಇನ್ನೂರ ಹದಿನೆಂಟಕ್ಕೆ ಮತ್ತೆ ಐವತ್ತೆಂಟು. ಹದಿನೈದರ ಲೆಕ್ಕದಲ್ಲಿ ತಿರುಗಿಸುವವರ ಕಣ್ಣಿಗೆ ಎಂದೂ ಬೀಳುತ್ತಿರಲಿಲ್ಲ.

ಅವನ ಮೈಯಲ್ಲಿ ಸಂತೋಷದ ಒಂದು ಅಲೆ ಎದ್ದಿತು. ಅದು ಎಂಥ ಸಂತೋಷ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು, ನಾಚಿಕೆಯೂ ಆಯಿತು. ಕೇಬಲ್ ಬದಲಿಸಿ ಮತ್ತೆ ನೋಡಿದ, ಆಂಟೆನಾ ಬದಲಿಸಿ ಮತ್ತೊಮ್ಮೆ ನೋಡಿದ. ನಲವತ್ಮೂರೇ. ಮೂರೂ ಸಲದ ಅಂಕಿಯನ್ನು ಉಳಿಸಿ, ಕಾಗದದ ಮೇಲೂ ಬರೆದು, ಮಗ್ಗದ ಕೋಣೆಗೆ ನಡೆದು ಹೋಗಿ ಬಾಗಿಲಲ್ಲಿ ನಿಂತ.

"ಎಡಗಿವಿ ಹಿಂದ ಸೋರ್ತದ," ಎಂದ. "ಬಂದು ನೋಡು."

ಬನಶಂಕರಿ ಅವನ ಮುಖವನ್ನು ಒಂದು ಕ್ಷಣ ನೋಡಿ, ಕೈಯ ದಾರವನ್ನು ಪಕ್ಕದವಳಿಗೆ ಕೊಟ್ಟು ಎದ್ದಳು. ಪರದೆಯ ಮುಂದೆ ಅವಳಿಗೆ ಕುರ್ಚಿ ಬಿಟ್ಟುಕೊಟ್ಟು ಅವನು ಹಿಂದೆ ನಿಂತ. ಅವಳು ಮೇಜಿನ ಗುಂಡಿಯನ್ನು ತಾನೇ ಒತ್ತಿ, ಗೊಂಬೆಯನ್ನು ಇನ್ನೂರ ಹದಿನಾರಕ್ಕೆ ತಂದಳು. ಆಮೇಲೆ ಇನ್ನೊಂದು ಡಿಗ್ರಿ.